ಗೌರಿ ಗೌರವ್ವ ಆಗುವಾಗ

ಬಸವನಿಗೆ ಅಪ್ಪ ಕೂಡಿದರೆ ಬಸಪ್ಪ, ಅವ್ವ ಕೂಡಿದರೆ ಬಸವ್ವ. ಮಲ್ಲಪ್ಪ-ಮಲ್ಲವ್ವ, ನಿಂಗಪ್ಪ-ನಿಂಗವ್ವ, ಸಿದ್ದಪ್ಪ-ಸಿದ್ದವ್ವ. ದೇವರು ಒಬ್ಬನೇ, ಗಂಡುಕೂಸಿನ ಹೆಸರಿಗೆ ಅಪ್ಪ, ಹೆಣ್ಣುಕೂಸಿನ ಹೆಸರಿಗೆ ಅವ್ವ. ಇನ್ನೂ ಕಣ್ಣು ನೆಟ್ಟಗೆ ನಿಲ್ಲದ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನದಿಂದಲೇ ಊರೆಲ್ಲ ತಾಯಿ ಎಂದು ಕರೆಯತೊಡಗುತ್ತದೆ. ಇಷ್ಟು ದೊಡ್ಡ ಮನಸ್ಸಿನ ರೂಢಿ ನಮ್ಮ ಭಾಷೆಯಲ್ಲಿ ಇನ್ನೊಂದಿದೆಯೆಂದು ನನಗೆ ಅನಿಸುವುದಿಲ್ಲ.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಹೆಸರಿಗೆ ಮೂರು ಭಾಗ: ತನ್ನದು, ತಂದೆಯದು, ಮನೆತನದ್ದು. ನಡುವಿನ ಜಾಗ ತಂದೆಗೆ ಮೀಸಲು. ಹೆಣ್ಣುಮಗಳ ಮದುವೆಯಾದರೆ ಅಲ್ಲಿ ಗಂಡನ ಹೆಸರು ಬಂದು ಕೂರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಕೆಲವು ಮನೆತನಗಳಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ಬರೆದು ಹುಟ್ಟುಹೆಸರನ್ನೇ ಬದಲಿಸುತ್ತಾರೆ. ಹೀಗಾಗಿ ಮಗಳಿಗೆ ನಡುವಿನ ಹೆಸರು ಯಾವುದಿಡಬೇಕು ಎಂಬ ಪ್ರಶ್ನೆ ಹೆತ್ತವರಿಗೆ ಬರುತ್ತಲೇ ಇರಲಿಲ್ಲ. ಅವರಿಗಿದ್ದ ಆಯ್ಕೆ ಹೆಸರಿನ ಒಳಗೇ ಇತ್ತು. ಗೌರಿಗೆ ಅವ್ವ ಹಚ್ಚಬೇಕೋ, ಬಾಯಿ ಹಚ್ಚಬೇಕೋ, ದೇವಿ ಹಚ್ಚಬೇಕೋ?

ಈ ಅವ್ವನ ಬಳಗ ಬಹಳ ಹಳೆಯದು. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಯಿಸಿ ಹಂಚಿದವಳು ಅತ್ತಿಮಬ್ಬೆ. ಆ ಹೆಸರುಗಳ ಕೊನೆಯಲ್ಲಿರುವ ಅಬ್ಬೆ ಹವ್ಯಕರ ಮನೆಗಳಲ್ಲಿ ಇವತ್ತಿಗೂ ತಾಯಿಯೇ. 12ನೇ ಶತಮಾನದ ಶರಣೆಯರಲ್ಲಿ ಗೊಗ್ಗವ್ವೆ, ಕಾಳವ್ವೆ, ಸಂಕವ್ವೆ, ನೂಲುವ ಕಾಯಕದ ಕದಿರ ರೆಮ್ಮವ್ವೆ ಇದ್ದಾರೆ. ಚಿತ್ರದುರ್ಗದ ಓಬವ್ವನ ಹೆಸರಿನಲ್ಲಿ ಅಹೋಬಲ ಓಬಳನಾಗಿ, ಓಬಳ ಅವ್ವನೊಡನೆ ಬೆರೆತಿದ್ದಾನೆ. ಈ ಪದ ಯಾವುದೋ ಒಂದು ಜಾತಿಯ, ಒಂದು ಕೇರಿಯ ಸೊತ್ತು ಎಂದುಕೊಂಡವರು ಹರಿದಾಸ ಪರಂಪರೆಯ ಹರಪನಹಳ್ಳಿ ಭೀಮವ್ವನನ್ನು ನೆನೆಯಬೇಕು. ಅದೇ ಪರಂಪರೆಯ ಗಲಗಲಿ ಅವ್ವನವರಂತೂ ಜನರ ಬಾಯಲ್ಲಿ ಊರಿನ ಹೆಸರು ಮತ್ತು ಅವ್ವ, ಈ ಎರಡರಿಂದಲೇ ಉಳಿದಿದ್ದಾರೆ.

ಬಾಯಿ ಎಂಬುದು ಮರಾಠಿಯ ನೆರೆಯಿಂದ ಬಂತು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ. ಶಂಕರ ಮೊಕಾಶಿ ಪುಣೇಕರರ ಕಾದಂಬರಿಯ ಹೆಸರಿನಲ್ಲಂತೂ ಅವ್ವನ ಪಕ್ಕದಲ್ಲೇ ಮಾಯಿಯೂ ಇದ್ದಾಳೆ: 'ಗಂಗವ್ವ ಗಂಗಾಮಾಯಿ'.

ಹೆಸರು ಹೊಂದುವುದೆಂದರೆ ಮೊದಲು ಕಿವಿಗೆ ಹೊಂದಬೇಕು. ಅವ್ವ ಸೇರುವಾಗ ಮೊದಲಿನ ಹೆಸರು ತನ್ನ ಕೊನೆಯ ಸ್ವರ ಬಿಟ್ಟುಕೊಡುತ್ತದೆ. ಗೌರಿಯ ಇಕಾರ ಹೋಗಿ ಗೌರವ್ವ, ಗಂಗೆಯ ಎಕಾರ ಹೋಗಿ ಗಂಗವ್ವ. ವ್ಯಾಕರಣದಲ್ಲಿ ಇದು ಲೋಪಸಂಧಿ. ಬಾಯಿಮಾತು ಇನ್ನೂ ಧಾರಾಳ: ಪಾರ್ವತಿ ಪಾರವ್ವ ಆಗುತ್ತಾಳೆ, ಬಸವ ತನ್ನ ವಕಾರವನ್ನೇ ಅವ್ವನ ವಕಾರದಲ್ಲಿ ಕರಗಿಸುತ್ತಾನೆ. ಒತ್ತಿನ ಮೇಲೆ ತುಟಿ ಕ್ಷಣ ತಡೆದು, ಆಮೇಲೆ ಬಾಯಿ ಪೂರಾ ತೆರೆಯುವುದರಿಂದ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿದರೂ 'ಗೌರವ್ವಾ' ಎಂಬುದು ಒಡೆಯದೆ ಹೋಗಿ ಮುಟ್ಟುತ್ತದೆ.

ಅಜ್ಜಿ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗಳಿಗೆ ಅಜ್ಜಿಯದೇ ಹೆಸರು. ಸೋದರತ್ತೆ ಕೂಸಿನ ಕಿವಿಯಲ್ಲಿ ಆ ಹೆಸರು ಉಸುರಿ, ಉಳಿದ ಹೆಂಗಸರಿಂದ ಬೆನ್ನಿಗೆ ಗುದ್ದಿಸಿಕೊಳ್ಳುತ್ತಾಳೆ. ತಂದೆಗೆ ಅದು 'ನಮ್ಮವ್ವ ಹೊಳ್ಳಿ ಬಂದಾಳ' ಎನ್ನುವ ಸಂತೋಷ. ತಾಯಿಗೋ ಅತ್ತೆಯ ಹೆಸರು ಹಿಡಿದು ಕರೆಯುವಂತಿಲ್ಲ. ಬೈಯುವಾಗ ಅಂತೂ ಆಗದ ಮಾತು. ಹಾಗಾಗಿ ಆಕೆ ಹೆಸರಿನ ಮುಂದಿನ ತುದಿ ಬಿಟ್ಟು ಹಿಂದಿನದನ್ನಷ್ಟೇ ಹಿಡಿಯುತ್ತಾಳೆ: 'ಯವ್ವಾ, ಬಾ ಇಲ್ಲಿ'. ಹೆತ್ತ ತಾಯಿಯೇ ಮಗಳನ್ನು ಅವ್ವ ಎನ್ನುವುದು ನಮ್ಮ ಕಡೆ ಎಷ್ಟು ಸಹಜವೆಂದರೆ, ಯಾರೂ ಅದನ್ನು ನಿಂತು ಕೇಳಿಸಿಕೊಳ್ಳುವುದಿಲ್ಲ. ನಾನು ಕೇಳಿಸಿಕೊಂಡಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಈಗ ಅವ್ವನ ಜಾಗಕ್ಕೆ ಶ್ರೀ ಬಂದಿದ್ದಾಳೆ. ಜಯಶ್ರೀ, ರಾಜಶ್ರೀ, ಭಾಗ್ಯಶ್ರೀ ಚಂದದ ಹೆಸರುಗಳೇ. ಮಗಳಿಗೆ ಸಿರಿ ಬರಲೆಂಬ ಹಾರೈಕೆ ಅವುಗಳಲ್ಲಿದೆ. ಆದರೆ ಕರೆಯುವವರಿಗೂ ಕರೆಸಿಕೊಳ್ಳುವವಳಿಗೂ ನಡುವೆ ಅವ್ವ ಕಟ್ಟಿಕೊಡುತ್ತಿದ್ದ ನಂಟು ಅಲ್ಲಿಲ್ಲ. ಶಾಲೆಯ ಹಾಜರಿ ಪುಸ್ತಕಗಳಲ್ಲಿ ನೀಲವ್ವ ನೀಲಮ್ಮಳಾಗಿ, ಆಮೇಲೆ ಬರೀ ನೀಲಾ ಆದಳು. ಅವ್ವ ಎಂದರೆ ಹಳ್ಳಿ, ಹಳತು ಎಂಬ ಹಿಂಜರಿಕೆ ಮನೆಯೊಳಗೂ ಬಂತು. ಈ ಹಿಂಜರಿಕೆ ಹೋಗಬೇಕೆಂಬುದು ನನ್ನ ಆಸೆ.

ದಾರಿ ಕೊಡಗಿನವರಿಗೆ ಗೊತ್ತಿದೆ. ಕೊಡವ ಭಾಷೆಯಲ್ಲೂ ತಾಯಿ ಅವ್ವನೇ, ಈ ಹೆಸರುಗಳ ಕೊನೆಯಲ್ಲಿ ಮಾತ್ರ ಅಮ್ಮ. ಅಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲ ಹೆಸರು ಹೊಸಗಾಲದ್ದು, ಅದರ ಬೆನ್ನಿಗೇ ಹಳೆಯ ಹೆಸರು: ಪೊನ್ನಮ್ಮ, ಮುತ್ತಮ್ಮ, ದೇಚಮ್ಮ, ಬೊಳ್ಳಮ್ಮ. ಹಳೆಯ ಹೆಸರೊಂದೇ ಇದ್ದರೂ ಅವರಿಗೆ ಸಂಕೋಚವಿಲ್ಲ. 2014 ಮತ್ತು 2018ರ ಏಷ್ಯನ್ ಗೇಮ್ಸ್‌ನಲ್ಲಿ 4x400 ಮೀಟರ್ ರಿಲೇಯ ಚಿನ್ನ ಗೆದ್ದ ತಂಡಗಳಲ್ಲಿ ಓಡಿದವರು ಪೂವಮ್ಮ.

ಹಾಗೆ ಎರಡು ಹೆಸರು ಜೋಡಿಸುವುದಾದರೆ ಸ್ವಲ್ಪ ನಾಲಿಗೆಯ ಮೇಲೆ ಆಡಿಸಿ ನೋಡಬೇಕು. ಅನನ್ಯಾ ನೀಲವ್ವ, ಸಂಜನಾ ಗೌರವ್ವ, ಇಳಾ ಗಂಗವ್ವ ಸಲೀಸಾಗಿ ಹರಿಯುತ್ತವೆ. ವೈಷ್ಣವಿ ಬಸವ್ವ ಎಂದರೆ ವಕಾರಗಳ ನೂಕುನುಗ್ಗಲು. ಇಳಾ ಎಲ್ಲವ್ವ ಎನ್ನುವಾಗ ಎರಡು ಸ್ವರ ಢಿಕ್ಕಿ ಹೊಡೆಯುತ್ತವೆ. ಕಾವೇರಿ ಎಲ್ಲವ್ವ ಎಂದರೆ ನಡುವೆ ಯಕಾರವೊಂದು ತಾನಾಗಿ ನುಸುಳಿ ದಾರಿ ಮಾಡುತ್ತದೆ. ಮೊದಲ ಹೆಸರು ಉದ್ದವಿದ್ದರೆ ಎರಡನೆಯದು ಮೂರಕ್ಷರ ಮೀರದಿರಲಿ. ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ ಅಜ್ಜಿಯ, ಮುತ್ತಜ್ಜಿಯ, ಅತ್ತೆಯಂದಿರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ತಾಯಿಯ ಕಡೆಯ ಹೆಸರುಗಳನ್ನೂ ಬಿಡಬೇಡಿ. ಅವು ಬೇಗ ಮರೆತುಹೋಗುತ್ತವೆ.

ಅವಸರ ಬೇಕಿಲ್ಲ. ಹೆಸರಿಲ್ಲದೆಯೂ ಮಗುವಿನ ಜನನ ನೋಂದಣಿಯಾಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಷ್ಟರಲ್ಲಿ ಆ ಜೋಡಿಹೆಸರನ್ನು ಅಂಗಳದಿಂದ, ಅಡುಗೆಮನೆಯಿಂದ, ಮುದ್ದಿನಿಂದ, ಸಿಟ್ಟಿನಿಂದ ಕೂಗಿ ನೋಡಿ, ಒಪ್ಪಿಗೆಯಾದ ಮೇಲೆ ಅರ್ಜಿಯಲ್ಲಿ ಅವ್ವನನ್ನು ಅಮ್ಮ ಮಾಡದೆ, ಒತ್ತಕ್ಷರದ ಸಮೇತ ಬರೆಯಿಸಿ.