ಪೂರ್ಣ ಚೌಕಟ್ಟಿನ ಕ್ಯಾಮೆರಾ

ಪೂರ್ಣ ಚೌಕಟ್ಟಿನ ಕ್ಯಾಮೆರಾ ಅಥವಾ ಫುಲ್-ಫ್ರೇಮ್ ಕ್ಯಾಮೆರಾ ಎಂದರೆ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನಷ್ಟು, ಅಂದರೆ ಸುಮಾರು 36 × 24 ಮಿ.ಮೀ. ಅಳತೆಯ ಬಿಂಬ ಸಂವೇದಕವನ್ನು ಹೊಂದಿರುವ ಡಿಜಿಟಲ್ ಕ್ಯಾಮೆರಾ. ಎಪಿಎಸ್-ಸಿ ಎಂಬ ಚಿಕ್ಕ ಸಂವೇದಕದ ಕ್ಯಾಮೆರಾದಿಂದ ಇದಕ್ಕೆ ಬದಲಾಗುವುದನ್ನು ಛಾಯಾಗ್ರಾಹಕರು ಸಾಮಾನ್ಯವಾಗಿ ಉನ್ನತೀಕರಣ ಎಂದು ಕರೆಯುತ್ತಾರೆ. ಆದರೆ ಈ ಬದಲಾವಣೆಯಿಂದ ಆಗುವ ಲಾಭವು ಎಲ್ಲ ಬಗೆಯ ಛಾಯಾಗ್ರಹಣಕ್ಕೂ ಒಂದೇ ಆಗಿರುವುದಿಲ್ಲ. ಚಿತ್ರದ ವಸ್ತು, ಲಭ್ಯ ಬೆಳಕು ಮತ್ತು ಬಳಸುವ ಮಸೂರಗಳನ್ನು ಅವಲಂಬಿಸಿ ಅದು ಹೆಚ್ಚು ಅಥವಾ ಕಡಿಮೆಯಾಗುತ್ತದೆ. ಮದುವೆ, ಹಕ್ಕಿ ಮತ್ತು ಭೂದೃಶ್ಯ ಈ ಮೂರೂ ಬಗೆಯ ಛಾಯಾಗ್ರಹಣಕ್ಕೆ ಅವಕಾಶವಿರುವ ಪಶ್ಚಿಮ ಬೆಂಗಳೂರಿನ ಉದಾಹರಣೆಗಳಿಂದ ಈ ವ್ಯತ್ಯಾಸವನ್ನು ಗುರುತಿಸಬಹುದು.

ಇತಿಹಾಸ

ಜರ್ಮನಿಯ ವೆಟ್ಜ್ಲಾರ್ ನಗರದ ಲೈಟ್ಜ್ ಸಂಸ್ಥೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಅವರು ಚಲನಚಿತ್ರದ 35 ಮಿ.ಮೀ. ಫಿಲ್ಮನ್ನು ಸ್ಥಿರಚಿತ್ರಕ್ಕೆ ಅಳವಡಿಸಿದರು. ಚಲನಚಿತ್ರದ ಎರಡು ಚೌಕಟ್ಟುಗಳನ್ನು ಕೂಡಿಸಿದಾಗ 36 × 24 ಮಿ.ಮೀ. ಅಳತೆಯು ದೊರೆಯಿತು. ಈ ಅಳತೆಯನ್ನು ಬಳಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ‘ಪೂರ್ಣ’ ಎನಿಸಿಕೊಂಡಿರುವ ಈ ಚೌಕಟ್ಟನ್ನು ಆಗ ಕಿರು ಅಳತೆಯೆಂದೇ ಪರಿಗಣಿಸಲಾಗುತ್ತಿತ್ತು. ಕರ್ನಾಟಕದಲ್ಲಿ ಟಿ.ಎನ್.ಎ. ಪೆರುಮಾಳ್, ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಮೊದಲಾದವರು ಹಕ್ಕಿಗಳ ಛಾಯಾಗ್ರಹಣವನ್ನು ಆರಂಭಿಸಿದ್ದು ಫಿಲ್ಮ್ ಬಳಕೆಯ ಕಾಲದಲ್ಲಿ.

ಡಿಜಿಟಲ್ ಕ್ಯಾಮೆರಾಗಳ ಆರಂಭದ ದಿನಗಳಲ್ಲಿ ದೊಡ್ಡ ಸಂವೇದಕದ ತಯಾರಿಕೆ ಬಹಳ ದುಬಾರಿಯಾಗಿತ್ತು. ಒಂದು ಸಿಲಿಕಾನ್ ಬಿಲ್ಲೆಯಿಂದ ದೊರೆಯುವ ದೊಡ್ಡ ಸಂವೇದಕಗಳ ಸಂಖ್ಯೆ ಕಡಿಮೆಯಾಗಿದ್ದು, ದೋಷದಿಂದ ವ್ಯರ್ಥವಾಗುವ ಪ್ರಮಾಣ ಹೆಚ್ಚಾಗಿದ್ದುದೇ ಇದಕ್ಕೆ ಕಾರಣ. 2002ರಲ್ಲಿ ಕಾಂಟ್ಯಾಕ್ಸ್ ಎನ್ ಡಿಜಿಟಲ್ ಮತ್ತು ಕ್ಯಾನನ್ ಇಓಎಸ್-1ಡಿಎಸ್ ಮಾರುಕಟ್ಟೆಗೆ ಬಂದವು. 2005ರ ಕ್ಯಾನನ್ 5ಡಿ ಈ ವರ್ಗವನ್ನು ಹೆಚ್ಚಿನ ಛಾಯಾಗ್ರಾಹಕರಿಗೆ ತಲುಪಿಸಿತು. ನಿಕಾನ್ 2007ರಲ್ಲಿ ಡಿ3 ಮಾದರಿಯನ್ನೂ, ಸೋನಿ 2013ರಲ್ಲಿ ಕನ್ನಡಿರಹಿತ ಆಲ್ಫಾ 7 ಮಾದರಿಯನ್ನೂ ಬಿಡುಗಡೆ ಮಾಡಿದವು.

ಸಂವೇದಕದ ಗಾತ್ರ ಮತ್ತು ಅದರ ಪರಿಣಾಮ

ಪೂರ್ಣ ಚೌಕಟ್ಟಿನ ಸಂವೇದಕದ ವಿಸ್ತೀರ್ಣ 864 ಚದರ ಮಿ.ಮೀ. ನಿಕಾನ್, ಸೋನಿ ಮತ್ತು ಫ್ಯೂಜಿಫಿಲ್ಮ್ ಬಳಸುವ ಎಪಿಎಸ್-ಸಿ ಸಂವೇದಕದ ಅಳತೆ ಸುಮಾರು 23.5 × 15.6 ಮಿ.ಮೀ. ಆಗಿದ್ದು, ಕ್ಯಾನನ್ ಬಳಸುವ ಸಂವೇದಕ ಇದಕ್ಕಿಂತ ಸ್ವಲ್ಪ ಚಿಕ್ಕದು. ಇವುಗಳ ಕ್ರಾಪ್ ಅಂಶ ಕ್ರಮವಾಗಿ 1.5 ಮತ್ತು 1.6. ಇದರಿಂದ ಮೂರು ಪರಿಣಾಮಗಳುಂಟಾಗುತ್ತವೆ.

ಮೊದಲನೆಯದು ಬೆಳಕು. ದ್ಯುತಿರಂಧ್ರ ಮತ್ತು ಷಟರ್ ವೇಗ ಒಂದೇ ಆಗಿದ್ದಾಗ ದೊಡ್ಡ ಸಂವೇದಕವು ಒಟ್ಟು ಸುಮಾರು 2.3 ಪಟ್ಟು ಬೆಳಕನ್ನು ಗ್ರಹಿಸುತ್ತದೆ. ಹೀಗಾಗಿ ಒಂದೇ ತಲೆಮಾರಿನ ಸಂವೇದಕಗಳನ್ನು ಹೋಲಿಸಿದರೆ ಚಿತ್ರದ ಕಾಳುಕಾಳುತನದಲ್ಲಿ ಸುಮಾರು ಒಂದೂಕಾಲು ಸ್ಟಾಪ್‌ನಷ್ಟು ಅನುಕೂಲ ದೊರೆಯುತ್ತದೆ.

ಎರಡನೆಯದು ನೋಟದ ಕೋನ. 400 ಮಿ.ಮೀ. ಸಂಗಮದೂರದ ಮಸೂರವು 1.5 ಕ್ರಾಪ್ ಅಂಶದ ಕ್ಯಾಮೆರಾದಲ್ಲಿ 600 ಮಿ.ಮೀ. ಮಸೂರದಷ್ಟು ಕಿರಿದಾದ ನೋಟವನ್ನು ಕೊಡುತ್ತದೆ.

ಮೂರನೆಯದು ಹಿನ್ನೆಲೆಯ ಮಸುಕು. ಎಪಿಎಸ್-ಸಿ ಕ್ಯಾಮೆರಾದ 56 ಮಿ.ಮೀ. ಎಫ್/1.2 ಮಸೂರವು ನೀಡುವ ನೋಟ ಮತ್ತು ಮಸುಕನ್ನು ಪೂರ್ಣ ಚೌಕಟ್ಟಿನಲ್ಲಿ 85 ಮಿ.ಮೀ. ಎಫ್/1.8 ಮಸೂರದಿಂದಲೇ ಪಡೆಯಬಹುದು.

ಬಳಕೆ: ಪಶ್ಚಿಮ ಬೆಂಗಳೂರಿನ ಉದಾಹರಣೆಗಳು

ಮದುವೆ: ರಾಜಾಜಿನಗರ, ವಿಜಯನಗರ ಮತ್ತು ಬಸವೇಶ್ವರನಗರಗಳ ಕಲ್ಯಾಣ ಮಂಟಪಗಳಲ್ಲಿ ಬೆಳಗಿನ ಮುಹೂರ್ತಗಳು ಬಹುಮಟ್ಟಿಗೆ ಕೃತಕ ಬೆಳಕಿನಲ್ಲೇ ನಡೆಯುತ್ತವೆ. ಮಾಂಗಲ್ಯಧಾರಣೆಯ ಸಮಯದಲ್ಲಿ ಅಕ್ಷತೆ ಎರಚುವ ಕೈಗಳ ಚಲನೆಯನ್ನು ಹಿಡಿಯಲು ವೇಗದ ಷಟರ್ ಬೇಕಾಗುವುದರಿಂದ ಐಎಸ್ಒ ಏರಿಸುವುದು ಅನಿವಾರ್ಯವಾಗುತ್ತದೆ. ಪೂರ್ಣ ಚೌಕಟ್ಟಿನ ಲಾಭ ಸ್ಪಷ್ಟವಾಗಿ ಕಾಣುವುದು ಇಂತಹ ಸಂದರ್ಭಗಳಲ್ಲಿ. ವಿಡಿಯೋ ಚಿತ್ರೀಕರಣದ ಪ್ರಖರ ದೀಪಗಳಿದ್ದರೆ ಅಥವಾ ಫ್ಲ್ಯಾಶ್ ಬಳಸಿದರೆ ಈ ಅಂತರ ಕುಗ್ಗುತ್ತದೆ.

ಮದುವೆಯ ಕ್ಷಣಗಳನ್ನು ಮತ್ತೆ ಸೆರೆಹಿಡಿಯಲು ಸಾಧ್ಯವಿಲ್ಲದ ಕಾರಣ ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್‌ಗಳಿಗೆ ಸ್ಥಳವಿರುವುದು ಸಂವೇದಕದ ಗಾತ್ರದಷ್ಟೇ ಮುಖ್ಯ. 2018ರಲ್ಲಿ ಬಂದ ಪೂರ್ಣ ಚೌಕಟ್ಟಿನ ಕ್ಯಾಮೆರಾಗಳಾದ ಕ್ಯಾನನ್ ಇಓಎಸ್ ಆರ್ ಮತ್ತು ನಿಕಾನ್ ಝಡ್ 6ರಲ್ಲಿ ಒಂದೇ ಕಾರ್ಡಿಗೆ ಅವಕಾಶವಿದೆ. ಎಪಿಎಸ್-ಸಿ ವರ್ಗದ ನಿಕಾನ್ ಡಿ500ರಲ್ಲಿ ಎರಡು ಕಾರ್ಡ್‌ಗಳನ್ನು ಬಳಸಬಹುದು.

ಹಕ್ಕಿಗಳು: ಕೆಂಗೇರಿಗೆ ಸಮೀಪದಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಮತ್ತು ಸುತ್ತಲಿನ ಕೆರೆಗಳಲ್ಲಿ ಹಕ್ಕಿಗಳನ್ನು ಹಗಲು ಬೆಳಕಿನಲ್ಲಿ ದೂರದಿಂದ ಚಿತ್ರಿಸಬೇಕಾಗುತ್ತದೆ. ಇಲ್ಲಿ ಚಿಕ್ಕ ಸಂವೇದಕವೇ ಅನುಕೂಲಕರವಾಗಬಹುದು. 24 ಮೆಗಾಪಿಕ್ಸೆಲ್‌ನ ಪೂರ್ಣ ಚೌಕಟ್ಟಿನ ಚಿತ್ರವನ್ನು ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ ಉಳಿಯುವುದು ಸುಮಾರು 10.7 ಮೆಗಾಪಿಕ್ಸೆಲ್ ಮಾತ್ರ. 45.7 ಮೆಗಾಪಿಕ್ಸೆಲ್‌ನ ನಿಕಾನ್ ಡಿ850ರಲ್ಲಿ ಹೀಗೆ ಕತ್ತರಿಸಿದಾಗ ಸುಮಾರು 19 ಮೆಗಾಪಿಕ್ಸೆಲ್ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಬೆಲೆಯ ವರ್ಗದ ಡಿ500 ನೇರವಾಗಿಯೇ 20.9 ಮೆಗಾಪಿಕ್ಸೆಲ್ ನೀಡುತ್ತದೆ.

ಭೂದೃಶ್ಯ: ಕೆಂಗೇರಿಯಿಂದ ಆಚೆಗಿರುವ, ಸುಮಾರು ಮೂರು ಎಕರೆಗೆ ಹರಡಿದ ದೊಡ್ಡ ಆಲದ ಮರದಂತಹ ವಿಶಾಲ ವಸ್ತುಗಳಿಗೆ ಅಗಲ ಕೋನದ ಮಸೂರ ಬೇಕು. 18 ಮಿ.ಮೀ. ಮಸೂರವು ಎಪಿಎಸ್-ಸಿಯಲ್ಲಿ 27 ಮಿ.ಮೀ. ಮಸೂರದ ನೋಟವನ್ನಷ್ಟೇ ನೀಡುತ್ತದೆ. ಆದರೆ ಎಪಿಎಸ್-ಸಿಗಾಗಿಯೇ ರೂಪಿಸಿದ 10 ಮಿ.ಮೀ. ಮಸೂರದಿಂದ ಈ ಕೊರತೆಯನ್ನು ನೀಗಿಸಬಹುದು. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು ಕಡಿಮೆ ಐಎಸ್ಒದಲ್ಲಿ ತೆಗೆದ ಚಿತ್ರಗಳಲ್ಲಿ ಎರಡೂ ವರ್ಗಗಳ ಕಾಳುಕಾಳುತನದ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಮಸೂರಗಳು ಮತ್ತು ಒಟ್ಟು ವೆಚ್ಚ

ಉನ್ನತೀಕರಣದ ನಿಜವಾದ ವೆಚ್ಚ ಕ್ಯಾಮೆರಾದ ಬೆಲೆಯೊಂದೇ ಅಲ್ಲ. ಎಪಿಎಸ್-ಸಿಗಾಗಿ ತಯಾರಾದ ಮಸೂರಗಳು ಪೂರ್ಣ ಚೌಕಟ್ಟನ್ನು ಸಾಮಾನ್ಯವಾಗಿ ಆವರಿಸುವುದಿಲ್ಲ. ನಿಕಾನ್ ಮತ್ತು ಸೋನಿ ಕ್ಯಾಮೆರಾಗಳು ಇಂತಹ ಮಸೂರವನ್ನು ಜೋಡಿಸಿದಾಗ ಚಿತ್ರವನ್ನು ಚಿಕ್ಕ ಅಳತೆಗೆ ಇಳಿಸಬಲ್ಲವು. ಕ್ಯಾನನ್‌ನ ಇಎಫ್-ಎಸ್ ಮಸೂರಗಳು ಅದರ ಪೂರ್ಣ ಚೌಕಟ್ಟಿನ ಡಿಎಸ್ಎಲ್ಆರ್‌ಗಳಿಗೆ ಜೋಡಣೆಯಾಗುವುದೇ ಇಲ್ಲ. ಫ್ಯೂಜಿಫಿಲ್ಮ್ ಎಕ್ಸ್ ಸರಣಿಯಲ್ಲಿ ಪೂರ್ಣ ಚೌಕಟ್ಟಿನ ಮಾದರಿಗಳಿಲ್ಲ. ಆದ್ದರಿಂದ ಅದರ ಬಳಕೆದಾರರು ಎಲ್ಲ ಮಸೂರಗಳನ್ನೂ ಬದಲಿಸಬೇಕಾಗುತ್ತದೆ.

ಹಣವೆಲ್ಲ ಕ್ಯಾಮೆರಾಕ್ಕೇ ವ್ಯಯವಾಗಿ ಸಾಧಾರಣ ಮಸೂರ ಕೊಳ್ಳುವಂತಾದರೆ ಉನ್ನತೀಕರಣದ ಉದ್ದೇಶವೇ ಈಡೇರುವುದಿಲ್ಲ. ಎಪಿಎಸ್-ಸಿಯಲ್ಲಿ ಎಫ್/2.8 ಜೂಮ್ ಬಳಸುತ್ತಿದ್ದವರು ಪೂರ್ಣ ಚೌಕಟ್ಟಿನಲ್ಲಿ ಎಫ್/4 ಜೂಮ್ ಬಳಸಿದರೆ ಒಂದು ಸ್ಟಾಪ್ ಬೆಳಕು ಕಡಿಮೆಯಾಗಿ, ದೊಡ್ಡ ಸಂವೇದಕದಿಂದ ದೊರೆತ ಲಾಭದ ಬಹುಪಾಲು ಕಳೆದುಹೋಗುತ್ತದೆ. ಇದಕ್ಕೆ ಪ್ರತಿಯಾಗಿ, ಕ್ಯಾಮೆರಾದೊಂದಿಗೆ ಬರುವ 18–55 ಮಿ.ಮೀ. ಮಸೂರದ ಎಫ್/5.6ರಿಂದ 50 ಮಿ.ಮೀ. ಎಫ್/1.8 ಮಸೂರಕ್ಕೆ ಬದಲಾದರೆ ಹಳೆಯ ಕ್ಯಾಮೆರಾದಲ್ಲೇ ಮೂರು ಸ್ಟಾಪ್‌ಗಿಂತ ಹೆಚ್ಚು ಬೆಳಕು ದೊರೆಯುತ್ತದೆ.

ನಿರ್ಧಾರದ ಮಾನದಂಡಗಳು

ಉನ್ನತೀಕರಣಕ್ಕೆ ಮುನ್ನ ಸಾಮಾನ್ಯವಾಗಿ ಈ ಅಂಶಗಳನ್ನು ಪರಿಶೀಲಿಸಲಾಗುತ್ತದೆ:

• ಈಗಿನ ಚಿತ್ರಗಳ ದೋಷಕ್ಕೆ ಕಾರಣ. ಕೈನಡುಕ ಅಥವಾ ತಪ್ಪಿದ ಫೋಕಸ್‌ನಿಂದಾದ ಅಸ್ಪಷ್ಟತೆಯನ್ನು ಸಂವೇದಕದ ಗಾತ್ರ ಸರಿಪಡಿಸುವುದಿಲ್ಲ.
• ಹೆಚ್ಚಾಗಿ ಬಳಸುವ ಐಎಸ್ಒ. ಚಿತ್ರದ ಕಡತದಲ್ಲೇ ಇದು ದಾಖಲಾಗಿರುತ್ತದೆ. ಬಹುಪಾಲು ಚಿತ್ರಗಳು 800ಕ್ಕಿಂತ ಕಡಿಮೆ ಐಎಸ್ಒದಲ್ಲಿದ್ದರೆ ಲಾಭ ಅಲ್ಪ.
• ಅಂತಿಮ ಬಳಕೆ. 24 ಮೆಗಾಪಿಕ್ಸೆಲ್‌ನ ಚಿತ್ರದಲ್ಲಿ 6000 × 4000 ಬಿಂದುಗಳಿರುತ್ತವೆ. ಮದುವೆ ಆಲ್ಬಮ್ಮಿನ 18 × 12 ಇಂಚಿನ ಒಂದು ಪುಟವನ್ನು ಇಂಚಿಗೆ 300 ಬಿಂದುಗಳಂತೆ ಮುದ್ರಿಸಲು 5400 × 3600 ಬಿಂದುಗಳು ಸಾಕು. ಎರಡೂ ವರ್ಗದ ಕ್ಯಾಮೆರಾಗಳು ಇದನ್ನು ಪೂರೈಸುತ್ತವೆ.
• ತೂಕ. ಬ್ಯಾಟರಿ ಸಹಿತ ಸೋನಿ ಆಲ್ಫಾ 6400ರ ತೂಕ ಸುಮಾರು 403 ಗ್ರಾಂ, ಆಲ್ಫಾ 7 ಮಾರ್ಕ್ 3ರ ತೂಕ ಸುಮಾರು 650 ಗ್ರಾಂ. ಮಸೂರಗಳನ್ನೂ ಸೇರಿಸಿದಾಗ ಅಂತರ ಇನ್ನಷ್ಟು ಹೆಚ್ಚುತ್ತದೆ.
• ಆದಾಯ. ವೃತ್ತಿಪರರಿಗೆ ಮೊದಲ ಕ್ಯಾಮೆರಾ ಕೆಟ್ಟರೆ ಬಳಸಲು ಎರಡನೆಯದು ಅಗತ್ಯ. ಹಳೆಯದನ್ನು ಮಾರಿ ಒಂದೇ ದುಬಾರಿ ಕ್ಯಾಮೆರಾ ಇಟ್ಟುಕೊಳ್ಳುವುದರಿಂದ ಒಪ್ಪಿಕೊಂಡ ಕೆಲಸವೇ ಅಪಾಯಕ್ಕೆ ಸಿಲುಕಬಹುದು.

ಕೊಳ್ಳುವ ಮೊದಲು ಕ್ಯಾಮೆರಾವನ್ನು ಒಂದೆರಡು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದು, ತಾವು ನಿತ್ಯ ಚಿತ್ರಿಸುವ ಸ್ಥಳದಲ್ಲಿಯೇ ಹಳೆಯ ಕ್ಯಾಮೆರಾದೊಂದಿಗೆ ಹೋಲಿಸಿ ನೋಡುವ ಕ್ರಮವೂ ಇದೆ. ಹೋಲಿಕೆಯು ಅರ್ಥಪೂರ್ಣವಾಗಬೇಕಾದರೆ ನೋಟದ ಕೋನ, ಷಟರ್ ವೇಗ ಮತ್ತು ಮುದ್ರಣದ ಅಳತೆ ಎರಡರಲ್ಲೂ ಒಂದೇ ಆಗಿರಬೇಕು.