ರಾಜಮಹೇಂದ್ರವರದ ಕರಿಶಿಲೆಯ ಕಾಲವಿಚಾರ

ಗವರ್ನರ್‌ಪೇಟೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಕೃಷ್ಣೆಯು ತವರಿನ ನದಿ. ಮಹಾಬಲೇಶ್ವರದಲ್ಲಿ ಹುಟ್ಟಿ, ಕರ್ನಾಟಕವನ್ನು ಹಾದು ವಿಜಯವಾಡಕ್ಕೆ ಬರುತ್ತದೆ. ಮಾನವನು ಹುಟ್ಟುವುದಕ್ಕೆ ಬಹು ಮುಂಚೆಯೇ ಅದೇ ಪಡುವಣ ಸೀಮೆಯಿಂದ ಮತ್ತೊಂದು ಪ್ರವಾಹವು ಮೂಡಣ ಕರಾವಳಿಯನ್ನು ಮುಟ್ಟಿತ್ತೆಂದು ಭೂವಿಜ್ಞಾನಿಗಳಲ್ಲಿ ಹಲವರ ಮತ. ಅದು ಜಲಪ್ರವಾಹವಲ್ಲ, ಶಿಲಾರಸದ ಪ್ರವಾಹ.

ಗೋದಾವರಿಯ ಎಡದಂಡೆಯಲ್ಲಿ ರಾಜಮಹೇಂದ್ರವರದ ಬಳಿಯ ಕಾತೇರು, ಬಲದಂಡೆಯಲ್ಲಿ ಪಂಗಿಡಿ, ಗೌರಿಪಟ್ಣಂ, ಈ ಊರುಗಳ ಕಲ್ಲುಗಣಿಗಳಲ್ಲಿ ಕಪ್ಪು ಬಸಾಲ್ಟ್ ಶಿಲೆ ಕಾಣುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳ ಎರೆಮಣ್ಣಿನ ಕೆಳಗಿರುವುದೂ ಇದೇ ಜಾತಿಯ ಕಲ್ಲು. ಇಲ್ಲಿಯ ವಿಶೇಷವೆಂದರೆ, ಲಾವಾದ ಕೆಳಹಾಸು, ಮೇಲ್ಹಾಸುಗಳ ನಡುವೆ ಕಡಲ ಜೀವಿಗಳ ಅವಶೇಷಗಳುಳ್ಳ ಸುಣ್ಣಕಲ್ಲಿನ ಪದರವೊಂದು ಸಿಕ್ಕಿಕೊಂಡಿದೆ. ಕಾಲನಿರ್ಣಯದ ವಿವಾದಕ್ಕೆ ಮೂಲ ಈ ಪದರವೇ.

ದಖ್ಖನ್ನಿನ ಲಾವಾ ಕ್ರಿಟೇಷಿಯಸ್ ಯುಗದ್ದೋ, ಅನಂತರದ ತೃತೀಯ ಯುಗದ್ದೋ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಿಂದಲೂ ಇತ್ತು. ಹಿಸ್ಲಾಪ್ ತೃತೀಯ ಯುಗವೆಂದರೆ, ಬ್ಲಾನ್‌ಫರ್ಡ್ ಕ್ರಿಟೇಷಿಯಸ್ ಎಂದರು. 1934ರಲ್ಲಿ ಬೀರಬಲ್ ಸಾಹನಿಯವರು ಸಸ್ಯಾವಶೇಷಗಳ ಆಧಾರದಿಂದ ತೃತೀಯ ಯುಗದ ಪಕ್ಷವನ್ನು ಎತ್ತಿಹಿಡಿದರು. 1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಅವರು ಎಸ್. ಆರ್. ನಾರಾಯಣರಾವ್ ಮತ್ತು ಕೆ. ಶ್ರೀಪಾದರಾವ್ ಅವರೊಡಗೂಡಿ ರಾಜಮಹೇಂದ್ರವರದ ಈ ಪದರವನ್ನು ಪರಿಶೀಲಿಸಿದರು. ಅದರೊಳಗಿನ ಪಾಚಿಗಳ ಅವಶೇಷಗಳನ್ನು ಕಂಡು, ಇದು ತೃತೀಯ ಯುಗದ ಆರಂಭದ್ದೆಂದು ತೀರ್ಮಾನಿಸಿದರು.

ಬಳಿಕ ಹೊಸ ಸಾಧನಗಳು ಒದಗಿದವು. ಶಿಲೆಯಲ್ಲಿನ ಪೊಟ್ಯಾಸಿಯಮ್ಮಿನ ಒಂದಂಶ ಕಾಲಕ್ರಮದಲ್ಲಿ ಆರ್ಗಾನ್ ಆಗಿ ಮಾರ್ಪಡುತ್ತದೆ; ಅದನ್ನಳೆದು 2003ರಲ್ಲಿ ಪ್ರಕಟಿಸಿದ ವಯಸ್ಸು ಸುಮಾರು ಆರೂವರೆ ಕೋಟಿ ವರ್ಷ. ಆದರೆ ಯುಗಸಂಧಿಯೂ ಸುಮಾರು 6.6 ಕೋಟಿ ವರ್ಷಗಳ ಹಿಂದಿನದೇ ಆದ್ದರಿಂದ, ಇಷ್ಟರಿಂದಲೇ ಹಿಂದುಮುಂದುಗಳನ್ನು ಗೊತ್ತುಪಡಿಸುವಂತಿರಲಿಲ್ಲ. 2008ರಲ್ಲಿ ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು ನಡುವಣ ಪದರದ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, ಅವು ಡೈನೋಸಾರ್‌ಗಳು ಅಳಿದ ಮಹಾವಿನಾಶದ ಬೆನ್ನಿಗೇ ಬದುಕಿದ್ದವೆಂದು ತೋರಿಸಿದರು. ಎಂದಮೇಲೆ ಕೆಳಹಾಸು ಯುಗಸಂಧಿಗೆ ಅತಿ ಸಮೀಪದ್ದು, ಮೇಲ್ಹಾಸು ಅದರ ಅನಂತರದ್ದು. ಬೆಂಗಳೂರಿನ ವಿದ್ವಾಂಸರು ಹಿಡಿದ ದಾರಿ ಸರಿಯಾಗಿತ್ತು. ಗುರಿಯನ್ನು ಮಾತ್ರ ತುಸು ದಾಟಿದ್ದರು. ಆ ವಿನಾಶಕ್ಕೆ ಲಾವಾ ಕಾರಣವೋ ಉಲ್ಕಾಪಾತ ಕಾರಣವೋ ಎಂಬ ಚರ್ಚೆಯಲ್ಲಿ ಈ ಗಣಿಗಳು ಸಾಕ್ಷಿಯಾದದ್ದು ಹೀಗೆ.

ಉಳಿದದ್ದು ಹುಟ್ಟಿದೆಡೆಯ ಪ್ರಶ್ನೆ. ಈ ಶಿಲೆ ಇಲ್ಲಿಯೇ ಉಕ್ಕಿತೆಂದು ಕೆಲವರು ವಾದಿಸಿದ್ದುಂಟು. ಆದರೆ ಇದರ ರಾಸಾಯನಿಕ ಲಕ್ಷಣಗಳು ಪಶ್ಚಿಮ ಘಟ್ಟದ ಅಂಬೇನಳಿ, ಮಹಾಬಲೇಶ್ವರ ಸ್ತರಗಳೊಡನೆ ಹೊಂದುವುದರಿಂದ, ಲಾವಾ ಪ್ರಾಚೀನ ನದೀಕಣಿವೆಗಳನ್ನು ಹಿಡಿದು ಸುಮಾರು ಸಾವಿರ ಕಿಲೋಮೀಟರು ಹರಿದುಬಂದಿತೆಂಬ ಪಕ್ಷ ಬಲಗೊಂಡಿದೆ.

ಜಲ್ಲಿಗಾಗಿ ಬಂಡೆ ಒಡೆದವರಿಂದಲೇ ಈ ಪದರಗಳು ಬೆಳಕಿಗೆ ಬಂದವು. ಒಡೆಯುವುದು ಮುಂದುವರಿದಂತೆ ಅವು ಅಳಿಯಲೂಬಹುದು. ಶಾಸನಗಳಿಗೆ ಸಲ್ಲುವ ರಕ್ಷಣೆ ಈ ಶಿಲೆಯ ಒಂದು ಮಗ್ಗುಲಿಗಾದರೂ ಸಲ್ಲಬೇಕು. ತವರಿನ ಕಲ್ಲನ್ನು ಇಲ್ಲಿ ಗುರುತಿಸಬಲ್ಲ ನಾವು ಈ ಮಾತನ್ನು ಎತ್ತುವುದು ಉಚಿತವೇ ಆಗಿದೆ.