ಬಿಲ್ ಪ್ರಿಂಟಾಗದೆ ಲಾರಿ ಹೊರಡಲ್ಲ

ಇವತ್ತಿನ ಸಂಚಿಕೆ ಪ್ರಿಂಟ್ ಬಗ್ಗೆ. ಪುಸ್ತಕದ ಅಚ್ಚಲ್ಲ, ಕಂಪನಿಯ ಕಂಪ್ಯೂಟರಿನಿಂದ ಬರುವ ಬಿಲ್ಲು, ಚಲನ್ನು, ಸಂಬಳದ ಚೀಟಿ. ಕಂಪನಿಯೊಂದು ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗುವಾಗ ಲೆಕ್ಕಪತ್ರದ ಅಂಕಿಗಳು ಹೇಗೋ ದಾಟಿಬಿಡುತ್ತವೆ. ಆದರೆ ಬಿಲ್ಲಿಗೆ ರೂಪ ಕೊಡುವ ಸಾಮಾನು ಇದೆಯಲ್ಲ, ಫಾಂಟು, ಗೆರೆ, ಚೌಕ, ಲೋಗೋ, ಪ್ರಿಂಟರಿಗೆ ಹೋಗುವ ಆಜ್ಞೆ, ಅದು ಅಷ್ಟು ಸುಲಭಕ್ಕೆ ದಾಟೋದಿಲ್ಲ. ಪೀಣ್ಯದಿಂದ ವೈಟ್‌ಫೀಲ್ಡ್‌ವರೆಗಿನ ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಈ ಸಾಮಾನು ಸಾಗಿಸೋದೇ ಒಂದು ಕಸುಬಾಗಿದೆ.

ಒಂದು ಬಿಲ್ಲಿಗೆ ಯಾಕೆ ಇಷ್ಟು ಮಹತ್ವ? ಕಾರಣ ತೆರಿಗೆ. 1994ರಲ್ಲಿ ಕೇಂದ್ರ ಅಬಕಾರಿ ಸುಂಕದ ಹಳೆಯ ಗೇಟ್ ಪಾಸ್ ಪದ್ಧತಿ ಹೋಗಿ, ಇನ್‌ವಾಯ್ಸೇ ಮುಖ್ಯ ದಾಖಲೆಯಾಯಿತು. ಮೂಲ ಪ್ರತಿ ಕೊಂಡವರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಕಾರ್ಖಾನೆಯ ಕಡತಕ್ಕೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೂ ಸರಕಿನ ಬಿಲ್ಲಿಗೆ ಇದೇ ಮೂರು ಪ್ರತಿಯ ಲೆಕ್ಕ ಉಳಿಯಿತು. ಅಂದ್ರೆ ಮಾಲು ಸಿದ್ಧವಾಗಿ ಲಾರಿ ಬಾಗಿಲಲ್ಲಿ ನಿಂತಿದ್ದರೂ, ಬಿಲ್ಲು ಸರಿಯಾಗಿ ಬರದಿದ್ದರೆ ಗಾಡಿ ಹೊರಡುವ ಹಾಗಿಲ್ಲ. ಚಿಕ್ಕ ಕಾರ್ಖಾನೆಗೆ ಒಂದು ದಿನ ತಡವಾದರೆ ಬರಬೇಕಾದ ಹಣವೂ ತಡವಾಗುತ್ತೆ.

ಈ ಸಮಸ್ಯೆಯ ಬೇರು ದೊಡ್ಡ ಕಂಪ್ಯೂಟರುಗಳ ಕಾಲದ್ದು. ಐಬಿಎಂ 1959ರಲ್ಲಿ ತಂದ 1403 ಪ್ರಿಂಟರು ಒಂದು ಸಾಲಿಗೆ 132 ಅಕ್ಷರ ಹೊಡೀತಿತ್ತು. ಆ 132ರ ಅಳತೆ ಇವತ್ತಿಗೂ ಎಷ್ಟೋ ರಿಪೋರ್ಟುಗಳಲ್ಲಿ ಉಳಿದಿದೆ. ಮುಂದೆ 1984ರಲ್ಲಿ ಐಬಿಎಂ ತನ್ನ ಎಎಫ್‌ಪಿ ವ್ಯವಸ್ಥೆಯಲ್ಲಿ ಫಾಂಟು, ಪುಟದ ಹಿನ್ನೆಲೆ, ಚಿತ್ರ, ಪುಟದ ವಿನ್ಯಾಸ ಎಲ್ಲವನ್ನೂ ಬೇರೆ ಬೇರೆ ಕಡತ ಮಾಡಿ ಇಟ್ಟಿತು. ಬುದ್ಧಿವಂತ ಏರ್ಪಾಡೇ. ಆದರೆ ಅವನ್ನೆಲ್ಲ ಬೇರೆ ಯಂತ್ರಕ್ಕೆ ಒಯ್ಯುವಾಗ ತೊಡಕು ಶುರು. ಐಬಿಎಂನ ದೊಡ್ಡ ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಸಂಖ್ಯೆ 193, ನಮ್ಮ ಪಿಸಿಯಲ್ಲಿ 65. ಅಕ್ಷರವನ್ನು ಅನುವಾದಿಸಬಹುದು. ಆದರೆ ಚಿತ್ರದ ಕಡತವನ್ನೂ ಅಕ್ಷರ ಅಂದುಕೊಂಡು ಅನುವಾದಿಸಿದರೆ ಲೋಗೋ ಹಾಳಾಗಿಹೋಗುತ್ತೆ.

ಇಲ್ಲಿ, ಪೀಣ್ಯದ ಮಟ್ಟದಲ್ಲಿ, ಕಥೆ ಬೇರೆ. ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಗಿತ್ತು. ಸಣ್ಣ ಕಾರ್ಖಾನೆಗಳಿಗೆ ಕಂಪ್ಯೂಟರ್ ಬಂದಿದ್ದು ಪಿಸಿಯ ರೂಪದಲ್ಲಿ, ಜೊತೆಗೆ ಕಿರ್ರ್ ಅಂತ ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಬೆಂಗಳೂರಿನಲ್ಲಿ ಶುರು ಮಾಡಿದ ಪ್ಯೂಟ್ರಾನಿಕ್ಸ್ ಕಂಪನಿಯೇ ಮುಂದೆ ಟ್ಯಾಲಿ ಅಂತ ಮನೆಮಾತಾಯಿತು. ಮೊದಲೇ ಅಚ್ಚು ಹಾಕಿಸಿದ ಬಿಲ್ಲಿನ ಕಾಗದ, ನಡುವೆ ಕಾರ್ಬನ್, ಅದರ ಮೇಲೆ ಸೂಜಿಯ ಏಟು. ಒಂದೇ ಏಟಿಗೆ ಮೂರು ಪ್ರತಿ!

ಈ ಬಿಲ್ಲನ್ನು ಲೇಸರ್ ಪ್ರಿಂಟರಿಗೆ ತಂದಾಗ ಏನಾಗುತ್ತೆ ನೋಡಿ. ಲೇಸರ್ ಕಾಗದವನ್ನು ಹೊಡೆಯೋದಿಲ್ಲ, ಹಾಗಾಗಿ ಕಾರ್ಬನ್ ಪ್ರತಿ ಇಲ್ಲ, ಮೂರು ಸಲ ಪ್ರಿಂಟ್ ಹಾಕಬೇಕು. 12 ಇಂಚಿನ ಕಾಗದದಲ್ಲಿ, ಇಂಚಿಗೆ 6 ಸಾಲಿನಂತೆ, 72 ಸಾಲು ಹಿಡಿಯುತ್ತಿತ್ತು. ಎ4 ಹಾಳೆಯಲ್ಲಿ ಅಂಚು ಬಿಟ್ಟರೆ ಅಷ್ಟು ಹಿಡಿಯಲ್ಲ. ಕೊನೆಯ ಸಾಲಿನಲ್ಲಿದ್ದ ಒಟ್ಟು ಮೊತ್ತ ಎರಡನೇ ಹಾಳೆಗೆ ಜಾರುತ್ತೆ. ಅಂಕಿ ಒಂದೂ ತಪ್ಪಿಲ್ಲ, ಆದರೂ ಆ ಬಿಲ್ಲನ್ನು ಗಿರಾಕಿಗೆ ಕೊಡೋದಕ್ಕೆ ಆಗಲ್ಲ.

ಈಗ ನಗರದ ಇನ್ನೊಂದು ಅಂಚಿಗೆ ಬರೋಣ. ಜರ್ಮನಿಯ ಎಸ್‌ಎಪಿ ಕಂಪನಿಯ ಲ್ಯಾಬ್ಸ್ ಶಾಖೆ ಬೆಂಗಳೂರಿನಲ್ಲಿ ಶುರುವಾಗಿದ್ದು 1998ರಲ್ಲಿ, ಅದರ ಕ್ಯಾಂಪಸ್ ಇರೋದು ವೈಟ್‌ಫೀಲ್ಡ್‌ನಲ್ಲಿ. ಎಸ್‌ಎಪಿ ಬಳಸುವ ಕಂಪನಿಯಲ್ಲಿ ಸಾಮಾನ್ಯವಾಗಿ ಮೂರು ವ್ಯವಸ್ಥೆ ಇರುತ್ತೆ: ತಯಾರಿಗೆ ಒಂದು, ಪರೀಕ್ಷೆಗೆ ಒಂದು, ನಿಜವಾದ ವ್ಯವಹಾರಕ್ಕೆ ಒಂದು. ತಯಾರಾದ ಬಿಲ್ಲಿನ ಫಾರಂ ಒಂದರಿಂದ ಇನ್ನೊಂದಕ್ಕೆ 'ಟ್ರಾನ್ಸ್‌ಪೋರ್ಟ್' ಆಗಬೇಕು. ಫಾರಂ ಹೋಗುತ್ತೆ. ಆದರೆ ಬಿಲ್ಲಿನ ಅಡಿಯಲ್ಲಿ ಬರುವ ಷರತ್ತುಗಳ ಪಠ್ಯವನ್ನು ಬೇರೆಯಾಗಿ ಸೇರಿಸದಿದ್ದರೆ ಅದು ಹಿಂದೆಯೇ ಉಳಿಯುತ್ತೆ. ಟ್ರಾನ್ಸ್‌ಪೋರ್ಟ್ ದಾರಿ ಇಲ್ಲದ ಎರಡು ವ್ಯವಸ್ಥೆಗಳ ನಡುವೆ ಫಾರಂ, ಶೈಲಿ, ಪ್ರಿಂಟರ್ ವಿವರಗಳನ್ನು ಕಡತ ಮಾಡಿ ಇಳಿಸಿ ಏರಿಸೋಕೆ ಆರ್‌ಎಸ್‌ಟಿಎಕ್ಸ್‌ಎಸ್‌ಸಿಆರ್‌ಪಿ ಅನ್ನೋ, ನಾಲಿಗೆ ತಿರುಗದ ಹೆಸರಿನ ಪ್ರೋಗ್ರಾಮು ಇದೆ. ಹೆಸರು ಕೇಳಿದ್ರೆ ನಗು ಬರುತ್ತೆ, ಆದರೆ ಈ ಕೆಲಸ ಮಾಡಿದವರಿಗೆ ಅದು ಚೆನ್ನಾಗಿ ಗೊತ್ತು.

ಹೀಗೆ ಒಂದು ಚಿಹ್ನೆ ಇಡೀ ದೇಶವನ್ನೇ ಆಟವಾಡಿಸಿದ್ದೂ ಉಂಟು. 2010ರ ಜುಲೈ 15ರಂದು ಸರ್ಕಾರ ಉದಯ ಕುಮಾರ್ ವಿನ್ಯಾಸ ಮಾಡಿದ ರೂಪಾಯಿ ಚಿಹ್ನೆಯನ್ನು ಒಪ್ಪಿತು. ಆಗ ಯಾವ ಕಂಪ್ಯೂಟರಿನಲ್ಲೂ ಅದಕ್ಕೆ ಜಾಗವೇ ಇರಲಿಲ್ಲ. ಮಂಗಳೂರಿನ ಫೊರಾಡಿಯನ್ ಟೆಕ್ನಾಲಜೀಸ್ ಕೂಡಲೇ ಒಂದು ಫಾಂಟ್ ಮಾಡಿ ಹಂಚಿತು. ಟ್ಯಾಬ್ ಕೀಲಿಯ ಮೇಲಿನ ಓರೆ ಗುರುತಿನ ಜಾಗದಲ್ಲಿ ರೂಪಾಯಿಯನ್ನು ಕೂರಿಸಿತ್ತು. ಜನ ಖುಷಿಯಿಂದ ಬಳಸಿದರು. ಆದರೆ ಅದೇ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ರೂಪಾಯಿ ಮಾಯ, ಬರೀ ಓರೆ ಗುರುತು. ಅದೇ ವರ್ಷ ಯೂನಿಕೋಡ್ ಆ ಚಿಹ್ನೆಗೆ ಸ್ವಂತ ಸಂಖ್ಯೆ ಕೊಟ್ಟಿತು. ಆಮೇಲೂ ಹಳೆಯ ಪ್ರಿಂಟರಿನ ಒಳಗಿನ ಫಾಂಟಿನಲ್ಲಿ ಅದು ಇಲ್ಲದಿದ್ದರೆ, ಬಿಲ್ಲಿನಲ್ಲಿ ರೂಪಾಯಿ ಬದಲು ಹ್ಯಾಶ್ ಗುರುತು ಬರುತ್ತಿತ್ತು.

ಕನ್ನಡ ಬಲ್ಲವರಿಗೆ ಇದು ಹಳೆಯ ಕಥೆ, ಅಲ್ವಾ? ಯೂನಿಕೋಡ್‌ಗೆ ಮುಂಚಿನ ನುಡಿ, ಬರಹದಂಥ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಜೊತೆಗಿದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ. ಕಾರ್ಮಿಕರ ಸಂಬಳದ ಚೀಟಿಯನ್ನೋ ಗೇಟಿನ ಸೂಚನೆಯನ್ನೋ ಕನ್ನಡದಲ್ಲಿ ಕೊಡಬೇಕೆಂದರೆ ಹೊಸ ವ್ಯವಸ್ಥೆಗೆ ಪಠ್ಯ ಮಾತ್ರ ತಂದರೆ ಸಾಲದು. ಅದನ್ನು ಯೂನಿಕೋಡ್‌ಗೆ ಬದಲಿಸಬೇಕು, ಒತ್ತಕ್ಷರ ಸರಿಯಾಗಿ ಕೂರಿಸುವ ಫಾಂಟೂ ಅಲ್ಲಿರಬೇಕು. ಇದು ಖರ್ಚಿನ ಬಾಬತ್ತು ಅಂತ ಕನ್ನಡವನ್ನೇ ಕೈಬಿಟ್ಟರೆ ನಷ್ಟ ಆಗೋದು ಆ ಚೀಟಿ ಓದಬೇಕಾದವರಿಗೆ.

ತೀರಾ ಇತ್ತೀಚಿನ ತಿರುವು ಇ-ಇನ್‌ವಾಯ್ಸ್. 2020ರ ಅಕ್ಟೋಬರ್ 1ರಿಂದ 500 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳಿಗೆ ಬಂದದ್ದು, 2023ರ ಆಗಸ್ಟ್ 1ಕ್ಕೆ 5 ಕೋಟಿ ದಾಟಿದವರಿಗೂ ಬಂತು. ಬಿಲ್ಲಿನ ಮೇಲೆ ಕ್ಯೂಆರ್ ಕೋಡ್ ಇರಲೇಬೇಕು. ಆದರೆ ಬರೀ ಅಕ್ಷರ ಹೊಡೆಯುವಂತೆ ಹೊಂದಿಸಿದ ಡಾಟ್ ಮ್ಯಾಟ್ರಿಕ್ಸ್ ಬಿಲ್ಲಿಗೆ ಕ್ಯೂಆರ್ ಹಾಕೋದು ಹೇಗೆ? ಚಿತ್ರದ ರೂಪದಲ್ಲಿ ಹೊಡೆಸಿದರೆ ನಿಧಾನ, ರಿಬ್ಬನ್ ಸವೆದಿದ್ದರೆ ಸ್ಕ್ಯಾನ್ ಆಗಲ್ಲ. ಕಾನೂನು ಬದಲಾದಾಗ ಬಿಲ್ಲಿನ ವಿನ್ಯಾಸವನ್ನೇ ಮತ್ತೆ ಮಾಡಿಸಬೇಕಾಯಿತು.

ದೊಡ್ಡ ಕಂಪನಿಗೆ ಇದಕ್ಕೆಲ್ಲ ಒಂದು ತಂಡ ಇರುತ್ತೆ. ಸಣ್ಣ ಕಾರ್ಖಾನೆಗೆ ಇರೋದು ಫೋನ್ ಮಾಡಿದರೆ ಬರುವ ಒಬ್ಬ ಹುಡುಗ, ಬಿಲ್ಲಿನ ಮೂಲ ವಿನ್ಯಾಸ ಇರೋದೂ ಅವನ ಲ್ಯಾಪ್‌ಟಾಪಿನಲ್ಲೇ. ಹಾಗಾಗಿ ಸಾಫ್ಟ್‌ವೇರ್ ಬದಲಿಸುವ ಯೋಚನೆ ಇದ್ದರೆ, ಲೆಕ್ಕದ ಬ್ಯಾಕಪ್ ಜೊತೆಗೆ ಫಾರಂ, ಫಾಂಟ್, ಲೋಗೋ, ಷರತ್ತಿನ ಪಠ್ಯ, ಪ್ರಿಂಟರ್ ಹೊಂದಾಣಿಕೆ, ಇಷ್ಟನ್ನೂ ಮೊದಲೇ ಕೇಳಿ ಇಸ್ಕೊಳ್ಳಿ. ಹಳೆಯದನ್ನು ನಿಲ್ಲಿಸೋ ಮುಂಚೆ ಹೊಸದರಲ್ಲಿ ಒಂದು ನಿಜವಾದ ಬಿಲ್ಲನ್ನು, ನಿಮ್ಮದೇ ಪ್ರಿಂಟರಿನಲ್ಲಿ, ಮೂರೂ ಪ್ರತಿ ತೆಗೆದು ನೋಡಿ.